ನನ್ನ ಕೆಲಸಕ್ಕೆ ನಾನೇ ದರ ಹೇಳಿದ ದಿನ

ಪುಣೆಯ ಮಗರಪಟ್ಟಾದಲ್ಲಿದ್ದ ಕಚೇರಿ ಕೆಲಸ ಬಿಟ್ಟು ಸ್ವಂತ ದಂಧೆ ಮಾಡುತ್ತೇನೆ ಎಂದಾಗ ಗಂಡ ಬೇಡ ಅನ್ನಲಿಲ್ಲ. ಆರು ತಿಂಗಳ ಗಡುವು ಹಾಕಿದರು, ಅಷ್ಟೇ. ಅಷ್ಟರಲ್ಲಿ ಏನೂ ಆಗದಿದ್ದರೆ ಮತ್ತೆ ನೌಕರಿ. ಒಬ್ಬರ ಸಂಬಳದಲ್ಲಿ ಆ ಊರಿನ ಸಂಸಾರ ಎಷ್ಟು ದಿನ ನಡೆದೀತು? ಐದು ತಿಂಗಳು ಮುಗಿದವು. ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಗಂಡ ಆಗಲೇ ನನಗಾಗಿ ನೌಕರಿ ಹುಡುಕತೊಡಗಿದ್ದರು.

ಕೆಲಸ ಹೇಳಲು ಸುಲಭ. ಜನ ಇಂಟರ್‌ನೆಟ್ಟಿನಲ್ಲಿ ಏನಾದರೂ ಹುಡುಕಿದಾಗ ಗಿರಾಕಿಯ ವೆಬ್‌ಸೈಟು ಮೇಲಿನ ಸಾಲುಗಳಲ್ಲಿ ಕಾಣುವಂತೆ ಮಾಡಬೇಕು. ಎರಡು ಸಾವಿರದ ದಶಕದ ಆ ದಿನಗಳಲ್ಲಿ ಇದಕ್ಕೆ ಎಷ್ಟು ಕೊಡಬೇಕೆಂದು ವ್ಯಾಪಾರಿಗಳಿಗೆ ಗೊತ್ತಿರಲಿಲ್ಲ. ಎಷ್ಟು ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಹಡಪಸರದಲ್ಲಿ ನೀರಿನ ಪಂಪು ಮಾರುವ ಹಿರಿಯರೊಬ್ಬರಿದ್ದರು. ನಮ್ಮ ಬಾಗಲಕೋಟೆ ಕಡೆಯವರು. ಕೆಲಸ ಕೇಳಿಕೊಂಡು ಅವರ ಅಂಗಡಿಗೆ ಹೋದೆ. ಹಿಂದಿನ ವರ್ಷ ಒಬ್ಬ ಇದೇ ಕೆಲಸವನ್ನು ತೀರ ಅಗ್ಗಕ್ಕೆ ಒಪ್ಪಿಕೊಂಡು, ತಿಂಗಳೊಳಗೆ ಮೊದಲನೇ ನಂಬರು ಗ್ಯಾರಂಟಿ ಎಂದಿದ್ದನಂತೆ. ಏನೇನೋ ಕಳ್ಳದಾರಿ ಹಿಡಿದಿದ್ದ. ಕೊನೆಗೆ ಇವರ ವೆಬ್‌ಸೈಟು ಹುಡುಕಿದರೂ ಸಿಗದಂತಾಗಿತ್ತು.

"ಅಗ್ಗ ಅಂತ ಹೋಗಿ ಮುಗ್ಗಲ ಜ್ವಾಳ ತಂದಂಗಾತು ನೋಡವಾ ತಂಗಿ. ನಿಂದೆಷ್ಟು?" ಎಂದು ಕೇಳಿದರು.

ನಮ್ಮವರೇ ಅಲ್ಲವೇ? ಬಾಯಿ ತೆರೆದು ದುಡ್ಡು ಕೇಳುವುದು ಹೇಗೆ? ನಮ್ಮಪ್ಪನ ಮನೆಯಲ್ಲಿ ಕಲಿತದ್ದನ್ನೇ ಹೇಳಿದೆ: "ನೀವ ತಿಳದು ಕೊಡ್ರಿ ಕಾಕಾ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ತಿಳದಷ್ಟು ಕೊಡೂದು ದಕ್ಷಿಣಿ. ನಾ ಇಲ್ಲಿ ಪೂಜಿ ಮಾಡಸಾಕ ಕುಂತಿಲ್ಲ. ತನ್ನ ಮಾಲಿನ ಬೆಲಿ ತನಗ ಗೊತ್ತಿಲ್ಲದವರ ಕೈಯಾಗ ನನ್ನ ಅಂಗಡಿ ಹೆಂಗ ಕೊಡ್ಲಿ? ಹೋಗಿ ಬಾ."

ಮೈಯೆಲ್ಲ ಉರಿಯಿತು. ಕಂಪ್ಯೂಟರ್ ಕಲಿತ ನನಗೆ ಪಂಪು ಮಾರುವವರು ಬುದ್ಧಿ ಹೇಳುವುದೇ! ಬಸ್ಸಿನಲ್ಲಿ ನಿಂತು ಮನಸ್ಸಿನಲ್ಲೇ ಅವರಿಗೆ ಹತ್ತು ಉತ್ತರ ಕೊಟ್ಟೆ. ಮನೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು, ನಾಚಿಕೆ ಉಳಿದಿತ್ತು. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು?

ಮರುದಿನ ಮುಂಜಾನೆ ಹಾಳೆ ಹಿಡಿದು ಕೂತೆ. ಆ ವೆಬ್‌ಸೈಟಿನಲ್ಲಿ ಏನು ಕೆಟ್ಟಿದೆ, ಸರಿಪಡಿಸಲು ಎಷ್ಟು ದಿನ ಬೇಕು, ಹೊಸದಾಗಿ ಎಷ್ಟು ಪುಟ ಬರೆಯಬೇಕು, ಎಲ್ಲ ಬರೆದೆ. ಯಾವುದನ್ನು ಮಾಡಲಾರೆ ಎಂಬುದನ್ನೂ ಬರೆದೆ. ಅದನ್ನು ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ತಡೆಯಿತು.

ನನ್ನನ್ನು ಮತ್ತೆ ಬಾಗಿಲಲ್ಲಿ ಕಂಡು ಅವರು ಹುಬ್ಬೇರಿಸಿದರು. ಕುರ್ಚಿ ತೋರಿಸಲಿಲ್ಲ. ನಿಂತೇ ಹೇಳಿದೆ:

"ತಿಂಗಳಿಗೆ ಎಂಟು ಸಾವಿರ್ರಿ. ಆರು ತಿಂಗಳ ಕೆಲಸ. ಮೊದಲ ತಿಂಗಳು ಬರೇ ರಿಪೇರಿ, ಗಿರಾಕಿಗಳ ಫೋನು ಬರೂದಿಲ್ಲ. ಮೊದಲನೇ ನಂಬರು ಅಂತ ನಾ ಮಾತು ಕೊಡೂದಿಲ್ಲ, ಕೊಟ್ಟವರನ್ನ ನಂಬಬ್ಯಾಡ್ರಿ."

ಹೇಳಿ ಬಾಯಿ ಮುಚ್ಚಿದೆ. ಕಡಿಮೆ ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಭಾಳ ಆತು. ಆರಕ್ಕ ಮಾಡು."

"ಮಾಡ್ತೀನ್ರಿ. ಆದ್ರ ಮರಾಠಿ ಪುಟ ಬರೂದಿಲ್ಲ. ಪಂಪು ತಗೊಳ್ಳೋ ರೈತರು ಓದೋದು ಅದನ್ನ. ಯಾವುದು ಬಿಡ್ಲಿ, ನೀವ ಹೇಳ್ರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಕುರ್ಚಿ ಎಳೆದು ನನ್ನ ಮುಂದಿಟ್ಟರು. "ಒಂದೂ ಬಿಡಬ್ಯಾಡ. ಎಂಟ ಇರಲಿ. ಕುಂಡ್ರು. ಯಾವಾಗಿಂದ ಹಚ್ಚತಿ ಕೆಲಸಾ?"

"ಈಗಿಂದ್ರಿ," ಎಂದೆ. ಕೆಲಸ ತಿಳಿದುಕೊಂಡು ಹೊರಗೆ ಬಂದವಳೇ ಗಂಡನಿಗೆ ಫೋನು ಮಾಡಿದೆ. ನನ್ನ ಸಲುವಾಗಿ ನೌಕರಿ ಹುಡುಕುವುದನ್ನು ಇನ್ನು ನಿಲ್ಲಿಸಿರಿ ಎಂದೆ.