ನಾಲ್ಕು ಬೆರಳಿನ ತಪ್ಪು

ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಬೆಸ್ಸೆ ತೆನ್ರಿ ದೋಣಿಯಲ್ಲಿ ನಿಂತು, ಅಳಿವೆಯ ಮರಳುದಿಬ್ಬಕ್ಕೆ ಬಿದಿರುಗೋಲು ಊರಿದ್ದಾರೆ. ದಡದ ದೊಡ್ಡ ಬೋರ್ಡಿನಲ್ಲಿ ದಿಬ್ಬದ ಮೇಲಿನ ನೀರಿನ ಆಳ ಕೆಂಪಗೆ ಉರಿಯುತ್ತಿದೆ: 2.1 ಮೀಟರ್. ಕೋಲೂ ಅಷ್ಟೇ ಹೇಳುತ್ತದೆ.

"ನಿನ್ನ ಬೋರ್ಡನ್ನ ನೀನೇ ನಂಬಲ್ವಲ್ಲೇ!" ಬಲೆ ಬಿಡಿಸುತ್ತಿದ್ದ ಮುದುಕ ಅಂಬೊ ಟಕ್ಕೊ ಛೇಡಿಸುತ್ತಾನೆ.

"ನಂಬಿ ಕೆಟ್ಟಿದ್ದು ಸಾಲ್ದಾ, ಅಂಬೊ?"

ತಾನಲೆರೆ ಬಂದರಿನ ಮೂವತ್ತೆರಡು ದೋಣಿಗಳು ದಿನವೂ ಈ ಬೋರ್ಡು ನೋಡಿಯೇ ದಿಬ್ಬ ದಾಟುತ್ತವೆ. ಭರತದ ಲೆಕ್ಕ ಹಾಕುವ ಪ್ರೋಗ್ರಾಮನ್ನು ಹತ್ತು ವರ್ಷಗಳ ಹಿಂದೆ ಬರೆದವರು ಬೆಸ್ಸೆಯೇ. ಆಗ ಪ್ರತಿರಾತ್ರಿ ಕರೆಂಟು ಹೋಗುತ್ತಿತ್ತು. ಬಂದಾಗ ಬೋರ್ಡು ಹೊಸದಾಗಿ ಸಮಯ ಹೊಂದಿಸಿಕೊಳ್ಳುತ್ತಿತ್ತು. ಏಳು ವರ್ಷಗಳ ಹಿಂದೆ ಬ್ಯಾಟರಿ ಬಂತು. ಬೋರ್ಡು ಆರುವುದು ನಿಂತಿತು.

ಮರುದಿನವೇ ಅಣ್ಣ ಮಪ್ಪಿಯಾರೆಯ ದೋಣಿ ದಿಬ್ಬಕ್ಕೆ ಬಡಿದು ಒಡೆಯಿತು. ನಾಲ್ಕು ಬೆರಳಷ್ಟು ನೀರು ಕಡಿಮೆಯಿತ್ತು. ಬೋರ್ಡು ಎರಡು ಮೀಟರ್ ತೋರಿಸುತ್ತಿತ್ತು ಎಂದು ಅವನು ಆಣೆ ಇಟ್ಟ. ಬೆಸ್ಸೆ ಬೋರ್ಡನ್ನು ಆರಿಸಿ, ಮತ್ತೆ ಹಚ್ಚಿ ನೋಡಿದರು, ಎಲ್ಲ ಸರಿಯಿತ್ತು.

"'ಬೋರ್ಡು ಸುಳ್ಳು ಹೇಳಲ್ಲ, ಅಣ್ಣಾ, ನೀನೇ ತೂಕಡಿಸಿರ್ತೀಯ' ಅಂದ್ಬಿಟ್ಟೆ. ಎಲ್ರ ಮುಂದೇನೇ," ಎಂದು ಅವರು ಕೋಲು ಒರೆಸುತ್ತಾರೆ. ಮೂರನೇ ದಿನ ಅಣ್ಣ ಯಾವುದೋ ಸರಕಿನ ಹಡಗು ಹತ್ತಿ ಹೋದ.

ಆಮೇಲೆ ಮುಂಜಾಗ್ರತೆಗೆಂದು ದಿನವೂ ಬೋರ್ಡನ್ನು ಆರಿಸಿ ಹಚ್ಚುತ್ತಿದ್ದರಿಂದ, ತಪ್ಪು ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ. ಪ್ರೋಗ್ರಾಮು ಸೆಕೆಂಡಿನ ಹತ್ತನೇ ಒಂದು ಪಾಲನ್ನು ಕೂಡಿಸುತ್ತಾ ಹೋಗುತ್ತಿತ್ತು.

"ಒಂದನ್ನ ಮೂರರಿಂದ ಭಾಗಿಸಿ ನೋಡಿ," ಎನ್ನುತ್ತಾರೆ ಬೆಸ್ಸೆ. " ಪಾಯಿಂಟ್ ಮೂರು ಮೂರು ಮೂರು... ಮುಗಿಯುತ್ತಾ? ಎಲ್ಲೋ ನಿಲ್ಲಿಸ್ಬೇಕು. ಕಂಪ್ಯೂಟರಿಗೆ ಹತ್ತನೇ ಒಂದು ಪಾಲೂ ಹಾಗೇ. ಪೂರ್ತಿ ಹಿಡಿಸಲ್ಲ. ಒಂದ್ಸಲಕ್ಕೆ ಕಾಣದಷ್ಟು ತಪ್ಪು. ಹತ್ತು ಲಕ್ಷ ಸಲ, ಅಂದ್ರೆ ಒಂದು ದಿನಕ್ಕಿಂತ ತುಸು ಹೆಚ್ಚು ಹೊತ್ತು ಕೂಡಿಸಿದ್ರೆ ಹದಿನಾರು ನಿಮಿಷ. ಮೊದ್ಲು ರಾತ್ರಿ ಕರೆಂಟು ಹೋದಾಗೆಲ್ಲ ಅದು ಅಳಿಸಿಹೋಗ್ತಿತ್ತು."

ಅಷ್ಟು ಹೊತ್ತು ಮುಂದೋಡಿದ್ದ ಬೋರ್ಡು, ಇನ್ನೂ ಏರದ ನೀರನ್ನು ಏರಿದೆ ಎಂದು ತೋರಿಸಿತ್ತು.

ಅದನ್ನು ತಿದ್ದಲು ಅವರಿಗೆ ಅರ್ಧ ಗಂಟೆ ಸಾಕಾಯಿತು. ಈಗ ಪ್ರೋಗ್ರಾಮು ಹತ್ತನೇ ಪಾಲುಗಳನ್ನು ಒಂದು, ಎರಡು, ಮೂರು ಎಂದು ಇಡಿಯಾಗಿಯೇ ಎಣಿಸುತ್ತದೆ. ಆ ಶುಕ್ರವಾರ ಮಸೀದಿಯ ಅಂಗಳದಲ್ಲಿ ನಿಂತು, ತಪ್ಪು ತನ್ನದು ಎಂದು ಬೆಸ್ಸೆ ಊರಿಗೆಲ್ಲ ಹೇಳಿದರು. ದೂರ ಹೊರಟ ಪ್ರತಿ ದೋಣಿಯಲ್ಲೂ ಅಣ್ಣನಿಗೆ ಹೇಳಿಕಳಿಸಿದರು. ಅವನನ್ನು ಕಂಡೆವೆಂದವರಿದ್ದಾರೆ, ಉತ್ತರ ತಂದವರಿಲ್ಲ. ಈದ್ ಬಂದರೆ ಅವನಿಗಿಷ್ಟವಾದ ಬುರಾಸ ಕಡುಬನ್ನು ಅವರು ಈಗಲೂ ಬಾಳೆಲೆಯಲ್ಲಿ ಕಟ್ಟುತ್ತಾರೆ.

"ಮಾತು ತಲುಪಿರುತ್ತೆ, ಗೊತ್ತು. ಆದ್ರೆ ಬೇರೆಯವ್ರ ಬಾಯಲ್ಲಿ ಹೋದ ಕ್ಷಮೆ ಅದು. ಅವನನ್ನ ಎದುರಿಗೆ ಕೂರಿಸ್ಕೊಂಡು ನಾನೇ ಹೇಳ್ಬೇಕು. ಆಮೇಲೆ ಬೈತಾನಾ, ಬೈಲಿ."