ಶಟರ್ ಮೇಲಿನ ಗೆರೆ

ಎದುರಿನವರ ಹೈಬೀಮಿಗೆ ಬೈದು ಬೈದು ಸಾಕಾಗಿ, ಸೇರಿಗೆ ಸವ್ವಾಸೇರು ಎಂದು ನಾನೂ ನನ್ನ ಹಳೇ ಬೈಕಿಗೆ ಪ್ರಖರವಾದ ಎಲ್‌ಇಡಿ ಬಲ್ಬ್ ಹಾಕಿಸಿದೆ. ಹನುಮಂತನಗರದ ಮೆಕ್ಯಾನಿಕ್ ಮುಚ್ಚಿದ್ದ ಪಕ್ಕದಂಗಡಿಯ ಎದುರು ಬೈಕನ್ನು ನಿಲ್ಲಿಸಿ, ಅದರ ಶಟರ್ ಮೇಲೆ ಹೆಡ್‌ಲೈಟಿನ ಎತ್ತರಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು.

“ದಿನಾ ಹಿಂದೆ ಯಾರು ಕೂರ್ತಾರೆ ಸಾರ್?”

“ಹೆಂಡ್ತಿ.”

“ಕರ್ಕೊಂಡು ಬನ್ನಿ.”

ಬಲ್ಬಿಗೂ ಹೆಂಡತಿಗೂ ಏನು ಸಂಬಂಧ ಎಂದು ಗೊಣಗುತ್ತಲೇ ಹೋಗಿ ಕರೆತಂದೆ. ನಾವಿಬ್ಬರೂ ಕೂತದ್ದೇ ತಡ, ಬೈಕಿನ ಹಿಂಭಾಗ ತಗ್ಗಿ ಬೆಳಕು ಗೆರೆ ದಾಟಿ ಮೇಲೇರಿತು.

“ಹೀಗೇ ಬಿಟ್ಟಿದ್ರೆ ಎದುರಿಗೆ ಬರೋರು ನಿಮಗೆ ಬೈತಿದ್ರು ಸಾರ್,” ಎನ್ನುತ್ತಾ ಅವರು ಸ್ಕ್ರೂ ತಿರುಗಿಸಿ ಬೆಳಕನ್ನು ಗೆರೆಯ ಕೆಳಗಿಳಿಸಿದರು.

ನನ್ನ ಬೈಕಿಗೆ ಎಷ್ಟೋ ಮೆಕ್ಯಾನಿಕ್‌ಗಳು ಕೈ ಹಾಕಿದ್ದಾರೆ. ಎದುರಿನಿಂದ ಬರುವ ಅಪರಿಚಿತನನ್ನೂ ತಮ್ಮ ಗಿರಾಕಿ ಎಂದುಕೊಂಡವರು ಇವರೊಬ್ಬರೇ.