ಖಣದ ಸಂಚಿಯ ಮಾರ್ಕುಗಳು

ಜರ್ಮನಿಗೆ ಹೋಗುವವರಿಗೆ ನನ್ನ ಹೆಂಡತಿ ಎರಡು ಮಾತು ಹೇಳುತ್ತಿದ್ದಳು. ಚೆಕ್ಕನ್ನು ಚೂರುಚೂರಾಗಿ ಮುರಿಸಬೇಡಿ, ಕೈಯಲ್ಲಿ ಚಿಲ್ಲರೆ ಇಲ್ಲದೆ ಆ ಊರಲ್ಲಿ ಇಳಿಯಬೇಡಿ. ಅವಳು ಸ್ವತಃ ಎಲ್ಲಿಗೂ ಹೋದವಳಲ್ಲ. ತವರು ಬೆಳಗಾವಿ, ಗಂಡನ ಮನೆ ಪುಣೆ, ನಡುವೆ ಒಂದೆರಡು ಸಲ ಪಂಢರಪುರ. ಆದರೂ ಪುಣೆಯ ನಿಗಡಿಯ ನಮ್ಮ ಕಟ್ಟಡದಿಂದ ಪರದೇಶಕ್ಕೆ ಹೊರಟವರು ಮೊದಲು ನಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದರು.

ಅದು ಶುರುವಾದದ್ದು ಮೇಲಿನ ಮನೆಯವರಿಂದ. ಅವರು ಧಾರವಾಡದ ಕಡೆಯವರು, ನನ್ನ ಜೊತೆಯಲ್ಲೇ ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿದ್ದರು. ಹೊಸ ಮಷೀನು ಕೊಳ್ಳುವ ಮುಂಚೆ ಯಾರಾದರೊಬ್ಬರು ಹೋಗಿ, ಅದನ್ನು ಅಲ್ಲಿಯೇ ಓಡಿಸಿ ನೋಡಿ, ರಿಪೇರಿ ಕಲಿತು ಬರಬೇಕಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಹಾಗೆ ಹೋದ ಮೊದಲಿಗರು ಅವರು. ತಿರುಗಿ ಬಂದ ಮೂರನೇ ದಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ತಮ್ಮ ಫಜೀತಿ ಹೇಳಿದರು.

"ಸ್ಟೇಷನ್ನಿಗೆ ಇಳದೆ ನೋಡ್ರಿ. ಒಂದು ಕೈಯಾಗ ಟೂಲ್ಸಿನ ಪೆಟ್ಟಿಗಿ, ಒಂದು ಕೈಯಾಗ ಕುಕ್ಕರು, ಅಕ್ಕಿ. ಹಮಾಲ ಅನ್ನೋನು ಹೆಸರಿಗಿಲ್ಲ. ಸಾಮಾನು ಹಾಕೋ ಗಾಡಿ ಅದಾವ, ಸಾಲಾಗಿ ನಿಲ್ಲಿಸ್ಯಾರ. ಎಳದ್ರ ಬರವಲ್ಲದು. ಎರಡು ಮಾರ್ಕಿನ ನಾಣ್ಯ ಹಾಕಿದ್ರ ಬಿಡತದ."

"ಹಾಕಬೇಕಿತ್ತು," ಎಂದಳು ನನ್ನವಳು.

"ಎಲ್ಲಿಂದ ಹಾಕ್ಲಿ ವೈನಿ? ಕಂಪನಿ ಕೊಟ್ಟಿದ್ದು ಬರೇ ಟ್ರಾವೆಲರ್ಸ್ ಚೆಕ್ಕು. ಅಲ್ಲೇ ಕೌಂಟರಿಗೆ ಹೋಗಿ ಒಂದು ಚೆಕ್ಕು ಮುರಿಸಿದೆ. ಚೆಕ್ಕು ಸಣ್ಣದಿರಲಿ ದೊಡ್ಡದಿರಲಿ, ಅವನ ಕಮಿಷನ್ ಅಷ್ಟ. ಗಾಡಿ ಎಳೀಲಿಕ್ಕೆ ಎರಡು ಮಾರ್ಕು ಬೇಕಿತ್ತು, ಅದನ್ನ ಪಡೀಲಿಕ್ಕೆ ಐದಾರು ಮಾರ್ಕು ಕಳಕೊಂಡೆ. ಸಾಮಾನು ಇಟ್ಟ ಮ್ಯಾಲೆ ಗಾಡಿ ತಿರುಗಿ ಸಾಲಿಗೆ ಹಚ್ಚಿದ್ರ ನಾಣ್ಯ ವಾಪಸ್ ಬರತದಂತ. ಅದು ನನಗ ಬರೋ ದಿನ ಗೊತ್ತಾತು."

ಅವರ ಹೆಂಡತಿ ಪಕ್ಕದಲ್ಲಿ ಕುಳಿತಿದ್ದರು. "ಇವರನ್ನ ಮಷೀನ್ ಪಾಸು ಮಾಡಲಿಕ್ಕೆ ಕಳಿಸ್ಯಾರ. ಗಾಡೀನ ಇವರನ್ನ ಫೇಲ್ ಮಾಡ್ತು," ಎಂದರು.

ಎಲ್ಲರೂ ನಕ್ಕೆವು. ನನ್ನ ಹೆಂಡತಿ ಮಾತ್ರ ಅವರ ಹತ್ತಿರ ಉಳಿದ ನಾಣ್ಯ ಏನು ಮಾಡಿದಿರಿ ಎಂದು ಕೇಳಿದಳು. ಬ್ಯಾಂಕಿನವರು ನೋಟು ತೆಗೆದುಕೊಂಡರು, ನಾಣ್ಯ ಮುಟ್ಟಲಿಲ್ಲ, ಮನೆಯಲ್ಲಿ ಬಿದ್ದಿವೆ ಎಂದರು. ಮರುದಿನ ಅವಳು ಆ ನಾಣ್ಯಗಳನ್ನು ಇಸಿದುಕೊಂಡು ಚಹಾಪುಡಿಯ ಹಳೆಯ ಡಬ್ಬಿಯಲ್ಲಿ ಹಾಕಿಟ್ಟಳು. ಆರು ತಿಂಗಳ ನಂತರ ನಾನು ಹೋದಾಗ ಅದೇ ನಾಣ್ಯಗಳು ನನ್ನ ಅಂಗಿಯ ಜೇಬಿನಲ್ಲಿದ್ದವು. ಸಾಮಾನಿನ ಗಾಡಿ ಸಾಲಿನಿಂದ ಬಿಟ್ಟಿತು. ಊರಿಗೆ ಫೋನು ಮಾಡಲೂ ಆದವು. ದೊಡ್ಡ ಚೆಕ್ಕೊಂದನ್ನು ನಿಧಾನವಾಗಿ, ಕಾರ್ಖಾನೆಯ ಊರಿನ ಬ್ಯಾಂಕಿನಲ್ಲಿ, ಒಂದೇ ಸಲ ಮುರಿಸಿದೆ.

ಅಲ್ಲಿಂದ ಅದು ನಮ್ಮ ಕಟ್ಟಡದ ಪದ್ಧತಿಯಾಯಿತು. ಹೋಗುವವರು ಡಬ್ಬಿಯಿಂದ ಒಂದು ಹಿಡಿ ಒಯ್ಯುವುದು, ಬಂದವರು ಉಳಿದ ಚಿಲ್ಲರೆಯನ್ನು ಅದಕ್ಕೆ ಸುರಿಯುವುದು. ಬರೆದಿಡುವುದಿರಲಿಲ್ಲ. ನೋಟು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಉಳಿದ ನೋಟನ್ನು ಬ್ಯಾಂಕಿಗೆ ಮರಳಿಸಬೇಕೆಂದು ಕಾಯಿದೆ ಇದೆ ಎಂದು ನಾನು ಹೇಳಿದ್ದೆ. ಯಾರೋ ಒಮ್ಮೆ ಹತ್ತು ಮಾರ್ಕಿನ ನೋಟು ತಂದಾಗ ಕೈ ಹಿಂದಕ್ಕೆ ಕಟ್ಟಿಕೊಂಡು, "ಕಾಗದ ನಮ್ಮನಿಯಾಗ ಬ್ಯಾಡ್ರಿ, ಬರೇ ಚಿಲ್ಲರ," ಎಂದಳು. ಆ ಮನುಷ್ಯ ಜೋರಾಗಿ ನಕ್ಕ. ಅವಳು ನಗಲಿಲ್ಲ.

ಬಂದವರ ಮನೆಯ ಹೆಂಗಸರು ಡಬ್ಬಿಗೆ ಹಾಕಲು ಬಂದಾಗ ಅವಳು ಕುಂಕುಮ ಕೊಡುತ್ತಿದ್ದಳು. ಮೇಲಿನ ಮನೆಯಾಕೆ ಒಂದು ಸಲ ಒಂದು ನಾಣ್ಯ ಬೇರೆ ತೆಗೆದು, "ಇದು ಡಬ್ಬಿಗಲ್ಲರಿ ವೈನಿ, ನಿಮ್ಮ ಉಡಿಗೆ," ಎಂದರು. ಅವರನ್ನು ನೋಡಿ ಉಳಿದವರೂ ಹಾಗೆ ಮಾಡಿದರು. ಕುಪ್ಪಸ ಹೊಲಿದು ಮಿಕ್ಕ ಖಣದ ಚೂರಿನಿಂದ ಅವಳು ಸಣ್ಣ ಸಂಚಿ ಹೊಲಿದುಕೊಂಡಳು. ಉಡಿಗೆ ಬಂದ ನಾಣ್ಯ ಅದರಲ್ಲಿ ಹೋಗುತ್ತಿತ್ತು. ನಾನು ಎರಡನೇ ಸಲ ಹೊರಟಾಗ ಡಬ್ಬಿ ಬರಿದಾಗಿತ್ತು. ಸಂಚಿಯಿಂದ ಕೊಡು ಎಂದೆ.

"ಅದು ನಂದು. ನಾ ಅಲ್ಲಿಗೆ ಬರೋ ಮುಂದ ತರ್ತೀನಿ," ಎಂದಳು.

ಹೆಂಡತಿಯನ್ನು ಸ್ವಂತ ಖರ್ಚಿನಲ್ಲಿ ಕರೆದೊಯ್ಯಲು ಕಂಪನಿಯ ಅಡ್ಡಿ ಇರಲಿಲ್ಲ. ಅವಳು ಪಾಸ್‌ಪೋರ್ಟು ಮಾಡಿಸಿದ್ದಳು. ನನ್ನ ಮೊದಲ ಸಲದ ಫೋಟೋಗಳನ್ನು ಆಗಾಗ ತೆಗೆದು ನೋಡುತ್ತಿದ್ದಳು. ಒಂದರಲ್ಲಿ ನಾನು ಟ್ರಾಮಿನ ಮುಂದೆ ನಿಂತಿದ್ದೆ. ಇದು ರೈಲೋ ಬಸ್ಸೋ ಎಂದು ಕೇಳಿದ್ದಳು. ಎರಡನೇ ಸಲ ಟಿಕೆಟ್ಟು ದುಬಾರಿ ಎಂದು ಬಿಟ್ಟೆವು. ಮೂರನೇ ಸಲ ಚಳಿ ಬಹಳ ಎಂದು ನಾನು ಹೇಳಿದೆ. ಚಳಿ ನಿಜವಾಗಿಯೂ ಇತ್ತು. ಮುಂದಿನ ಸಲ ನೋಡೋಣ ಎಂದೆ.

ಜರ್ಮನಿಯಲ್ಲಿ ಯೂರೋ ಕೈಗೆ ಬರುವ ಹಿಂದಿನ ವರ್ಷ ಅವಳಿಗೆ ಕಾಯಿಲೆ ಬಂತು. ಮಾರ್ಕು ನಿಲ್ಲುತ್ತದೆಂಬ ಸುದ್ದಿ ಅವಳಿಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ, "ಡಬ್ಬಿ ಖಾಲಿ ಮಾಡ್ರಿ. ಹೋಗೋರಿಗೆ ಎಲ್ಲಾ ಕೊಟ್ಟುಬಿಡ್ರಿ. ಹೊಸಾದು ಬಂದ ಮ್ಯಾಲೆ ಹೊಸಾದು ತುಂಬೋಣು," ಎಂದಳು. ಸಂಚಿಯ ಮಾತು ಅವಳು ಆಡಲಿಲ್ಲ, ನಾನೂ ಕೇಳಲಿಲ್ಲ. ಶ್ರಾವಣದಲ್ಲಿ ತೀರಿಕೊಂಡಳು.

ದಸರೆಯ ಹೊತ್ತಿಗೆ ಮೇಲಿನ ಮನೆಯವರು ಮತ್ತೆ ಹೊರಟರು. ಡಬ್ಬಿಯನ್ನು ಅವರ ಕೈಚೀಲಕ್ಕೆ ಬೋರಲು ಹಾಕಿದೆ.

"ವೈನಿ ಸಂಚಿನೂ ಕೊಡ್ರಿ," ಎಂದರು. "ಮಾರ್ಕು ನಡಿಯೋದು ಇದ ಕಡೀ ಸಲ. ಅದರಾಗ ಏನರ ಒಂದು ಸಾಮಾನು ತಂದು ಕೊಡ್ತೀನಿ."

"ಇರಲಿ ಬಿಡ್ರಿ," ಎಂದೆ.

ಯಾಕೆ ಹಾಗೆಂದೆ ಎಂದು ನನಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಆಗ ಕಪಾಟಿನ ಅವಳ ಖಾನೆಯನ್ನು ನಾನು ತೆರೆದಿರಲಿಲ್ಲ. ತೆರೆಯಬೇಕಾಗುತ್ತದೆಂದು ಹಾಗೆಂದಿರಬೇಕು. ಜನವರಿಯಲ್ಲಿ ಮಾರ್ಕು ಹೋಯಿತು. ಕಂಪನಿಯ ಬಸ್ಸಿನಲ್ಲಿ ಮೇಲಿನ ಮನೆಯವರು ಚೇಷ್ಟೆಗೆ, "ಈಗ ಅವು ವಾಷರ್ರು. ನಡುವ ಒಂದು ತೂತು ಹಾಕಿದ್ರ ಕೆಲಸಕ್ಕೆ ಬರ್ತಾವ," ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ನಾ ಕೇಳಿದ್ದೆ ನೋಡ್ರಿ," ಎಂದರು. ಅವರು ಕೇಳಿದ್ದು ನಿಜ. ಎಂಟು ವರ್ಷ ಅವಳು ಕೂಡಿಸಿದ್ದನ್ನು ಎರಡು ತಿಂಗಳಲ್ಲಿ ನಾನು ಬರೀ ಲೋಹ ಮಾಡಿಟ್ಟೆ ಎಂಬುದು ಮನಸ್ಸಿನಲ್ಲಿ ಉಳಿಯಿತು.

ಅದೇ ವರ್ಷ ಮಳೆಗಾಲ ಮುಗಿದ ಮೇಲೆ ನನ್ನನ್ನು ನಾಲ್ಕನೇ ಸಲ ಕಳಿಸಿದರು. ಕಪಾಟು ತೆರೆದು ಸಂಚಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ಅದರಿಂದ ಏನಾದರೂ ಆಗುತ್ತದೆಂಬ ನಂಬಿಕೆಯಿಂದಲ್ಲ. ಬರುವಾಗ ತರುತ್ತೇನೆ ಎಂದಿದ್ದಳಲ್ಲ, ಅಷ್ಟೆ. ಆ ಸಲ ಚೆಕ್ಕು ಇರಲಿಲ್ಲ, ಕಂಪನಿ ಒಂದು ಕಾರ್ಡು ಕೊಟ್ಟಿತ್ತು. ಗೋಡೆಯೊಳಗಿನ ಯಂತ್ರಕ್ಕೆ ತೂರಿಸಿದರೆ ಯೂರೋ ಬರುತ್ತಿತ್ತು. ಪ್ರತಿ ಸಲ ತೆಗೆದಾಗಲೂ ಒಂದಿಷ್ಟು ಕಡಿತ ಎಂದು ಕೇಳಿ, ಅವಳ ಮೊದಲ ಮಾತಿನಂತೆ ಒಂದೇ ಸಲ ತೆಗೆದುಕೊಂಡೆ. ಅವಳ ಎರಡನೇ ಮಾತು ಆ ಸಲ ನಡೆಯಲಿಲ್ಲ. ಜೇಬಿನಲ್ಲಿ ಚಿಲ್ಲರೆ ಇರಲಿಲ್ಲವಾದ್ದರಿಂದ ಸ್ಟೇಷನ್ನಿನಲ್ಲಿ ಪೆಟ್ಟಿಗೆಯನ್ನು ಹೊತ್ತೇ ನಡೆದೆ.

ಕೆಲಸದ ಕೊನೆಯ ವಾರ ಅಲ್ಲಿನ ಫೋರ್‌ಮನ್ನನಿಗೆ ಒಂದು ಮಾರ್ಕು ತೋರಿಸಿದೆ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು. ಇವು ಸತ್ತವಲ್ಲವೇ ಎಂದೆ. ಅಂಗಡಿಯಲ್ಲಿ ಹೌದು, ಆದರೆ ಸರ್ಕಾರದ ದೊಡ್ಡ ಬ್ಯಾಂಕು ತೆಗೆದುಕೊಳ್ಳುತ್ತದೆ ಎಂದ. ಯಾವ ತಾರೀಖಿನವರೆಗೆ ಎಂದು ಕೇಳಿದೆ. ತಾರೀಖು ಇಲ್ಲ, ನಾಣ್ಯವನ್ನೂ ತೆಗೆದುಕೊಳ್ಳುತ್ತಾರೆ, ಕಮಿಷನ್ ಇಲ್ಲ, ಯಾವಾಗಲಾದರೂ ಹೋಗು ಎಂದ. ನಾನು ವಿಮಾನ ಹತ್ತುವ ಊರಿನಲ್ಲಿ ಆ ಬ್ಯಾಂಕು ಇರುವ ವಿಳಾಸವನ್ನು ಕಾಗದದ ಮೇಲೆ ಬರೆದುಕೊಟ್ಟ. ನಾನು ಹತ್ತು ತಿಂಗಳು ಸುಮ್ಮನೆ ನೊಂದಿದ್ದೆ.

ಹೊರಡುವ ದಿನ ವಿಮಾನಕ್ಕೆ ಹೊತ್ತಿತ್ತು. ಸಾಮಾನನ್ನು ಆ ಊರಿನ ಸ್ಟೇಷನ್ನಿನಲ್ಲಿಟ್ಟು ಟ್ರಾಮಿನಲ್ಲಿ ಬ್ಯಾಂಕಿಗೆ ಹೋದೆ. ಹೋಗಿಬರುವ ಟಿಕೆಟ್ಟಿಗೆ ಸಂಚಿಯ ಬೆಲೆಯ ಐದರಲ್ಲೊಂದು ಪಾಲಾದರೂ ಹೋಗಿರಬೇಕು. ಅವಳಿದ್ದರೆ ಒಪ್ಪುತ್ತಿರಲಿಲ್ಲ. ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕುಳಿತ ಹೆಂಗಸು ಸಂಚಿಯನ್ನು ತಿರುಗಿಸಿ ನೋಡಿ, ನಾಣ್ಯಗಳನ್ನು ತಟ್ಟೆಗೆ ಸುರಿದುಕೊಂಡಳು. ಬೇಗನೆ ಎಣಿಸಿ ಒಂದು ಇಪ್ಪತ್ತರ ನೋಟು, ಮೇಲೆ ಚಿಲ್ಲರೆ ಇಟ್ಟಳು. ನಾನು ನೋಟನ್ನು ಮುಂದಕ್ಕೆ ತಳ್ಳಿ, ನಾಣ್ಯ ಕೊಡಿ ಎಂದೆ. ಎಲ್ಲವೂ ನಾಣ್ಯವೇ ಎಂದು ಅವಳು ಕೇಳಿದಳು. ಹೌದು ಎಂದೆ. ಎಲ್ಲರೂ ನಾಣ್ಯ ತಂದು ನೋಟು ಕೇಳುತ್ತಾರೆ ಎಂದಳು, ಆದರೆ ಕೊಟ್ಟಳು. ಸಂಚಿ ಮೊದಲಿಗಿಂತ ಹಗುರಾಗಿತ್ತು.

ಪುಣೆಗೆ ಬಂದ ಭಾನುವಾರ ಮೇಲಿನ ಮನೆಗೆ ಹೋದೆ. ಡಬ್ಬಿಯನ್ನೂ ಒಯ್ದಿದ್ದೆ. ಹಗಲೆಲ್ಲ ನಮ್ಮ ಮನೆಗೆ ಬೀಗ, ಕೇಳಲು ಬಂದವರಿಗೆ ಕೊಡಲು ಯಾರೂ ಇಲ್ಲ, ಇನ್ನು ಮುಂದೆ ಇದು ನಿಮ್ಮಲ್ಲಿರಲಿ ಎಂದೆ. ಮನೆಯಾಕೆ ಡಬ್ಬಿ ತೆಗೆದುಕೊಂಡರು. ನಾನು ಸಂಚಿ ಬಿಚ್ಚಿ ಅದರೊಳಗೆ ಸುರಿಯಲು ಹೋದಾಗ ಮುಚ್ಚಳ ಅಡ್ಡ ಹಿಡಿದರು.

"ಇದು ವೈನಿದಲ್ಲೇನ್ರಿ? ಬ್ಯಾರೆ ಇಡ್ರಿ."

"ಬ್ಯಾರೆ ಇಟ್ಟ ಹಿಂಗಾತು. ಕೂಡಿಸ್ರಿ."

ಅವರು ಮುಚ್ಚಳ ತೆಗೆಯಲಿಲ್ಲ. "ಅವರು ಅದನ್ನ ಯಾತಕ್ಕ ಇಟ್ಟಿದ್ರು ಗೊತ್ತದೇನು ನಿಮಗ?"

ಗೊತ್ತಿಲ್ಲ ಎಂದೆ. ಹದಿನೆಂಟು ವರ್ಷ ಜೊತೆಗಿದ್ದು ಅದನ್ನು ಕೇಳಿರಲಿಲ್ಲ.

"ಟ್ರಾಮಿಗೆ. ನೀವು ಮಷೀನಿನ ಕಡೆ ಹೋದ ಮ್ಯಾಲೆ ತಾವೊಬ್ರ ಟ್ರಾಮ್ ಹತ್ತಿ, ಕಡೀ ಸ್ಟಾಪಿನ ತನಕ ಹೋಗಿ, ಅದ ಟ್ರಾಮಿನ್ಯಾಗ ತಿರುಗಿ ಬರಬೇಕಂತ. ಟಿಕೇಟಿಗೆ ನಿಮ್ಮನ್ನ ರೊಕ್ಕ ಕೇಳಬಾರದಂತ."

"ಸಂಚಿ ಟ್ರಾಮಿನ್ಯಾಗ ಹೋಗಿ ಬಂತ್ರಿ. ನಾ ಬ್ಯಾಂಕಿಗೆ ಒಯ್ದಿದ್ದು ಅದರಾಗ," ಎಂದೆ.

"ಕಿಟಕಿ ಕಡೆ ಕೂತಿದ್ರೇನು?"

"ಇಲ್ರಿ. ಜಾಗ ಇತ್ತು. ಇಳಿಯೋ ಸ್ಟಾಪು ತಪ್ಪೀತಂತ ಬಾಗಲಕ್ಕ ನಿಂತಿದ್ದೆ."

"ನೀವೂ ನಮ್ಮನಿಯವರೂ ಒಂದ ಕಂಪನಿಯವರು," ಎಂದರು ಆಕೆ. ಒಳಗಿನ ಕೋಣೆಯಿಂದ ಅವರ ಗಂಡ, "ಕೇಳಸ್ತದ," ಎಂದರು.

ಆಕೆ ಮುಚ್ಚಳ ತೆಗೆದರು. ನಾನು ಸುರಿದೆ. ಬರಿದಾದ ಸಂಚಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಮರುವರ್ಷ ಆಕೆ ಗಂಡನ ಜೊತೆ ಜರ್ಮನಿಗೆ ಹೋದರು. ಟಿಕೆಟ್ಟು ದುಬಾರಿ ಎಂದು ಗಂಡ ಹೇಳಿದರಂತೆ, ಚಳಿಯ ಮಾತೂ ಬಂತಂತೆ. ಆಕೆ ಕೇಳಲಿಲ್ಲ. ತಿರುಗಿ ಬಂದವರು ನಮ್ಮ ಬಾಗಿಲಲ್ಲೇ ನಿಂತು, ಒಳಗೆ ಬರದೆ, ಟ್ರಾಮಿನ ಕಡೆಯ ಸ್ಟಾಪಿನಲ್ಲಿ ಏನೂ ಇಲ್ಲ, ಒಂದು ಶೆಡ್ಡು, ಒಂದು ಸೈಕಲ್ ಸ್ಟ್ಯಾಂಡು, ಹಿಂದೆ ಕೋಸಿನ ಹೊಲ ಎಂದರು. ಕೋಸು ನಮ್ಮ ಬೆಳಗಾವಿ ಕಡೆಯ ಕೋಸಿಗಿಂತ ದೊಡ್ಡದಿತ್ತೇ ಎಂದು ಕೇಳಿದೆ. ಇಲ್ಲ, ಅಷ್ಟೇ ಇತ್ತು ಎಂದರು.

ಈಗ ಹಿಂಜವಾಡಿಯ ಆಫೀಸುಗಳಿಂದ ಹೋಗುವವರ ಹತ್ತಿರ ಎರಡೆರಡು ಕಾರ್ಡುಗಳಿರುತ್ತವೆ. ಆದರೂ ನಮ್ಮ ಕಟ್ಟಡದವರು ಗಾಡಿಗೆಂದು ಒಂದು ನಾಣ್ಯ ಕೇಳಲು ಮೇಲಿನ ಮನೆಗೆ ಹತ್ತುತ್ತಾರೆ. ನನ್ನ ಮನೆಯ ಮುಂದಿನಿಂದಲೇ ಹೋಗಬೇಕು. ಕಾಲಿನ ಸಪ್ಪಳ ಕೇಳಿದರೆ ಯಾರೋ ಹೊರಟಿದ್ದಾರೆಂದು ನನಗೆ ತಿಳಿಯುತ್ತದೆ.